ನಿದ್ದೆಯ ಗ್ಯಾಸು ರಕ್ತನಾಳವನ್ನು ಮುಟ್ಟಿದಾಗ

ಮುಂಬಯಿಯ ಮಾಟುಂಗಾದಲ್ಲಿ ನಮ್ಮ ಕನ್ನಡದವರು ಸೇರಿದ್ದಾಗ ಆಡಿದ ಮಾತಿನ ಬರಹ ಇದು. ಅವತ್ತು ಹೊತ್ತು ಸಾಲದೆ ಬಿಟ್ಟಿದ್ದ ಒಂದೆರಡು ವಿಷಯವನ್ನು ಇಲ್ಲಿ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಹಾಕಿದ್ದೇನೆ, ಯಾಕೆಂದರೆ ಪ್ರಶ್ನೆಗಳು ತುಂಬಾ ಚೆನ್ನಾಗಿದ್ದವು.

ಎಲ್ಲರಿಗೂ ನಮಸ್ಕಾರ. ಇಲ್ಲಿ ಹೋಟೆಲ್ ನಡೆಸುವವರಿದ್ದೀರಿ, ಬ್ಯಾಂಕಿನಿಂದ ನಿವೃತ್ತರಾದವರಿದ್ದೀರಿ, ಫಾರ್ಮಸಿ ಓದುವ ಮಕ್ಕಳೂ ಇದ್ದಾರೆ. ಮನೆಯಲ್ಲಿ ನಾಯಿ, ಬೆಕ್ಕು ಸಾಕಿರುವವರಂತೂ ಜಾಸ್ತಿ ಅಂತ ಕಾಣುತ್ತದೆ. ಪರೇಲ್‌ನ ದೊಡ್ಡ ಪ್ರಾಣಿ ಆಸ್ಪತ್ರೆಗೆ ಒಂದಲ್ಲ ಒಂದು ಸಲ ಹೋಗದವರು ಕಮ್ಮಿ. ಬಾಂಬೆ ವೆಟರ್ನರಿ ಕಾಲೇಜು ಶುರುವಾದದ್ದೂ ಪರೇಲ್‌ನಲ್ಲೇ, 1886ರಲ್ಲಿ. ಹಾಗಾಗಿ ಪ್ರಾಣಿಗೆ ಅರಿವಳಿಕೆ ಕೊಡುವ ವಿಷಯ ಈ ಊರಿಗೆ ಹೊಸದೇನಲ್ಲ.

ನಾಯಿಗೆ ಆಪರೇಷನ್ ಅಂದಾಗ ನಾವು ಕೇಳುವ ಪ್ರಶ್ನೆ ಒಂದೇ: ಎಚ್ಚರ ಆಗುತ್ತಾ? ನಿದ್ದೆ ಹೋಗುವುದು, ಏಳುವುದು, ಇಷ್ಟೇ ಅಂತ ನಾವು ತಿಳಿದಿರುತ್ತೇವೆ. ಆದರೆ ಮೂಗಿಗೆ ಹಿಡಿದ ಆವಿ ಮೆದುಳಿಗೆ ಮಾತ್ರ ಹೋಗುವುದಿಲ್ಲ. ಶ್ವಾಸಕೋಶದಿಂದ ರಕ್ತಕ್ಕೆ ಸೇರಿದ ಮೇಲೆ ಅದು ಮೈಯೆಲ್ಲ ಸುತ್ತುತ್ತದೆ, ದಾರಿಯುದ್ದಕ್ಕೂ ರಕ್ತನಾಳದ ಗೋಡೆಯನ್ನು ಮುಟ್ಟುತ್ತಲೇ ಇರುತ್ತದೆ. ಆ ಗೋಡೆಯಲ್ಲಿ ಸ್ನಾಯು ಇದೆ. ಆ ಸ್ನಾಯುವಿನ ಮೇಲೆ ಈ ಆವಿ ನೇರವಾಗಿ ಕೆಲಸ ಮಾಡುತ್ತದೆ. ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇದನ್ನೇ. ಅದೂ ಒಂದೇ ದಿಕ್ಕಿನ ಕೆಲಸ ಅಲ್ಲ. ಅದೇ ಆವಿ ಅದೇ ಸ್ನಾಯುವನ್ನು ಒಂದು ಕಡೆಯಿಂದ ಬಿಗಿ ಮಾಡುತ್ತದೆ, ಇನ್ನೊಂದು ಕಡೆಯಿಂದ ಸಡಿಲ ಮಾಡುತ್ತದೆ. ಯಾವುದು ಗೆಲ್ಲುತ್ತದೆ ಅನ್ನುವುದು ಯಾವ ಪ್ರಾಣಿ, ಯಾವ ನಾಳ, ಎಷ್ಟು ಹೊತ್ತು, ಎಷ್ಟು ಪ್ರಮಾಣ ಅನ್ನುವುದರ ಮೇಲೆ ನಿಂತಿದೆ. ಆದ್ದರಿಂದ ಬಿಪಿಯನ್ನು ಅಂದಾಜಿನಲ್ಲಿ ಹೇಳಲಾಗುವುದಿಲ್ಲ, ಅಳತೆ ಮಾಡಲೇಬೇಕು.

ಬಿಪಿ ಅಂದರೇನು ಅಂತ ಮೊದಲು ನೋಡೋಣ. ಹಳೆಯ ಚಾಳುಗಳಲ್ಲಿ ಇದ್ದವರಿಗೆ ಇದು ಹೇಳದೆಯೇ ಗೊತ್ತು. ಬೆಳಿಗ್ಗೆ ನೀರು ಬಿಟ್ಟಾಗ ಕೆಳಗಿನ ಮಹಡಿಯ ಎಲ್ಲರೂ ಒಟ್ಟಿಗೆ ನಳ ಬಿಟ್ಟರೆ ಮೂರನೇ ಮಹಡಿಯಲ್ಲಿ ಹನಿ ಹನಿ. ಪಂಪು ಕೆಟ್ಟಿಲ್ಲ, ನೀರೂ ಇದೆ, ಆದರೆ ಎಲ್ಲ ನಳ ತೆರೆದಿದ್ದರಿಂದ ಒತ್ತಡ ಇಲ್ಲ. ದೇಹದಲ್ಲಿ ಆ ನಳಗಳು ಅಂದರೆ ಕೂದಲಿಗಿಂತ ಸ್ವಲ್ಪ ಹೆಚ್ಚುಕಮ್ಮಿ ದಪ್ಪದ ಸಣ್ಣ ಅಪಧಮನಿಗಳು. ಒತ್ತಡ ಕಾಯುವುದರಲ್ಲಿ ಇವುಗಳ ಪಾಲೇ ದೊಡ್ಡದು. ಯಾಕೆಂದರೆ ನಾಳದ ಒಳಗಿನ ಅಗಲ ಅರ್ಧಕ್ಕೆ ಇಳಿದರೆ ಹರಿವು ಅರ್ಧ ಆಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲು ಆಗುತ್ತದೆ. ಬರೀ ಶೇ 10ರಷ್ಟು ಕಿರಿದಾದರೂ ಹರಿವು ಮೂರರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. ಸ್ನಾಯುವಿನ ಒಂದು ಚಿಕ್ಕ ಎಳೆತಕ್ಕೆ ಇಷ್ಟು ಬೆಲೆ.

ಆ ಸ್ನಾಯು ಬಿಗಿಯಾಗುವುದಕ್ಕೆ ಬೇಕಾದದ್ದು ಕ್ಯಾಲ್ಸಿಯಂ. ಜೀವಕೋಶದ ಹೊರಗೆ ಒಳಗಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಜಾಸ್ತಿ ಕ್ಯಾಲ್ಸಿಯಂ ಇರುತ್ತದೆ. ಅದು ಒಳಗೆ ಬರಲು ಕೋಶದ ಗೋಡೆಯಲ್ಲಿ ಚಾನೆಲ್‌ಗಳಿವೆ, ಅಂದರೆ ತೆರೆದು ಮುಚ್ಚುವ ಸಣ್ಣ ದಾರಿಗಳು. ಜೊತೆಗೆ ಕೋಶದ ಒಳಗೇ ಕ್ಯಾಲ್ಸಿಯಂ ಕೂಡಿಟ್ಟ ಚೀಲದಂಥ ಒಂದು ಸಂಗ್ರಹ ಇದೆ. ಹೊರಗಿನಿಂದಾಗಲಿ, ಒಳಗಿನ ಸಂಗ್ರಹದಿಂದಾಗಲಿ ಕ್ಯಾಲ್ಸಿಯಂ ಬಿಡುಗಡೆಯಾಯಿತು ಅಂದರೆ ಅದು ಕ್ಯಾಲ್ಮೊಡ್ಯುಲಿನ್ ಅನ್ನುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಅದು ಒಂದು ಕಿಣ್ವವನ್ನು ಎಬ್ಬಿಸುತ್ತದೆ, ಆ ಕಿಣ್ವ ಮಯೋಸಿನ್ ಎಳೆಗಳಿಗೆ ಫಾಸ್ಫೇಟ್ ಸೇರಿಸುತ್ತದೆ, ಎಳೆಗಳು ಜಾರಿ ಸ್ನಾಯು ಕುಗ್ಗುತ್ತದೆ. ಫಾಸ್ಫೇಟ್ ತೆಗೆಯುವ ಇನ್ನೊಂದು ಕಿಣ್ವವೂ ಇದೆ, ಅದನ್ನು ತಡೆದರೆ ಕ್ಯಾಲ್ಸಿಯಂ ಅಷ್ಟೇ ಇದ್ದರೂ ಬಿಗಿತ ಜಾಸ್ತಿ ಆಗುತ್ತದೆ. ತಡೆಯುವ ಕೆಲಸವನ್ನು ರೋ-ಕೈನೇಸ್, ಪ್ರೋಟೀನ್ ಕೈನೇಸ್ ಸಿ ಅನ್ನುವವು ಮಾಡುತ್ತವೆ. ಹೆಸರು ಮರೆತರೂ ಚಿಂತೆಯಿಲ್ಲ. ಹೊರಗಿನ ಕ್ಯಾಲ್ಸಿಯಂ, ಒಳಗಿನ ಕ್ಯಾಲ್ಸಿಯಂ, ಕ್ಯಾಲ್ಸಿಯಂಗೆ ಸ್ನಾಯು ಎಷ್ಟು ಸ್ಪಂದಿಸುತ್ತದೆ ಅನ್ನುವುದು, ಈ ಮೂರನ್ನು ನೆನಪಿಟ್ಟುಕೊಳ್ಳಿ. ಅರಿವಳಿಕೆಯ ಆವಿ ಈ ಮೂರರಲ್ಲೂ ಕೈ ಹಾಕುತ್ತದೆ.

ಇದೆಲ್ಲ ಹೇಗೆ ಗೊತ್ತಾಯಿತು? ಪ್ರಯೋಗಾಲಯದಲ್ಲಿ ಏನು ಮಾಡುತ್ತಾರೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನನಗೆ ಇಷ್ಟವಾದ ಭಾಗ ಇದು. ಇಲಿಯ ಅಥವಾ ಮೊಲದ ಮಹಾಪಧಮನಿಯಿಂದ, ಅಂದರೆ ಹೃದಯದಿಂದ ಹೊರಡುವ ದೊಡ್ಡ ನಾಳದಿಂದ, ಮೂರು ನಾಲ್ಕು ಮಿಲಿಮೀಟರ್ ಅಗಲದ ಉಂಗುರ ಕತ್ತರಿಸುತ್ತಾರೆ. ಸುತ್ತ ಅಂಟಿದ ಕೊಬ್ಬು ಬಿಡಿಸುತ್ತಾರೆ. ಉಂಗುರದೊಳಗೆ ಎರಡು ಸಣ್ಣ ಸ್ಟೀಲಿನ ಕೊಕ್ಕೆ ತೂರಿಸಿ, ಒಂದನ್ನು ಕೆಳಗೆ ಕಟ್ಟಿ, ಇನ್ನೊಂದನ್ನು ಎಳೆತ ಅಳೆಯುವ ಉಪಕರಣಕ್ಕೆ ಸಿಕ್ಕಿಸುತ್ತಾರೆ. ಇಡೀ ಉಂಗುರ ಕ್ರೆಬ್ಸ್ ದ್ರಾವಣ ಅನ್ನುವ, ರಕ್ತದಲ್ಲಿರುವಂಥ ಲವಣಗಳ ನೀರಿನಲ್ಲಿ ಮುಳುಗಿರುತ್ತದೆ, ಅದರ ಬಿಸಿ 37 ಡಿಗ್ರಿ, ಕೆಳಗಿನಿಂದ ಶೇ 95 ಆಮ್ಲಜನಕ, ಶೇ 5 ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಏಳುತ್ತಿರುತ್ತದೆ. ಒಂದು ಗಂಟೆಗಿಂತ ಹೆಚ್ಚು ಹೊತ್ತು ಸುಮ್ನೆ ಬಿಡಬೇಕು, ನಾಳ ಹದಕ್ಕೆ ಬರಬೇಕು. ಅದು ಹದಕ್ಕೆ ಬರುವ ಮೊದಲೇ ಅವಸರ ಮಾಡಿದರೆ ಸಿಗುವ ಅಂಕಿಗೆ ಅರ್ಥವೇ ಇಲ್ಲ.

ಆಮೇಲೆ ಬಿಗಿ ಮಾಡುವ ಮದ್ದು ಹಾಕುತ್ತಾರೆ. ಎರಡು ಥರದ ಮದ್ದು. ಪೊಟ್ಯಾಸಿಯಂ ಕ್ಲೋರೈಡ್ ಹಾಕಿದರೆ ಕೋಶದ ವಿದ್ಯುತ್ ಸ್ಥಿತಿ ಬದಲಾಗಿ ಗೋಡೆಯ ಕ್ಯಾಲ್ಸಿಯಂ ಚಾನೆಲ್‌ಗಳು ತೆರೆಯುತ್ತವೆ, ಅಂದರೆ ಹೊರಗಿನ ಕ್ಯಾಲ್ಸಿಯಂ ನುಗ್ಗುತ್ತದೆ. ಫಿನೈಲ್ ಎಫ್ರಿನ್ ಅಥವಾ ನಾರ್ ಅಡ್ರಿನಲಿನ್ ಹಾಕಿದರೆ ಅದು ಬೇರೆ ದಾರಿ ಹಿಡಿಯುತ್ತದೆ, ಒಳಗಿನ ಸಂಗ್ರಹವನ್ನೂ ಬಿಚ್ಚುತ್ತದೆ, ಕ್ಯಾಲ್ಸಿಯಂಗೆ ಸ್ನಾಯುವಿನ ಸ್ಪಂದನೆಯನ್ನೂ ಏರಿಸುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದರೆ ಅರಿವಳಿಕೆ ಯಾವ ಹಂತಕ್ಕೆ ಕೈ ಹಾಕಿದೆ ಅನ್ನುವುದು ಬಿಡಿಬಿಡಿಯಾಗಿ ಕಾಣುತ್ತದೆ. ಅರಿವಳಿಕೆಯನ್ನು ದ್ರಾವಣಕ್ಕೆ ಸುರಿಯುವುದಿಲ್ಲ. ಗುಳ್ಳೆ ಏಳುವ ಗ್ಯಾಸಿನ ದಾರಿಯಲ್ಲೇ ವೇಪರೈಸರ್, ಅಂದರೆ ದ್ರವ ಅರಿವಳಿಕೆಯನ್ನು ಆವಿ ಮಾಡುವ ಉಪಕರಣ, ಕೂರಿಸಿ ಆವಿಯನ್ನು ಬೆರೆಸುತ್ತಾರೆ. ದ್ರಾವಣದಲ್ಲಿ ನಿಜವಾಗಿ ಎಷ್ಟು ಕರಗಿದೆ ಅಂತ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ನಿಂದ ಅಳೆದು ನೋಡುತ್ತಾರೆ, ವೇಪರೈಸರಿನ ಗುಂಡಿ ತೋರಿಸಿದ್ದನ್ನು ಹಾಗೇ ನಂಬುವುದಿಲ್ಲ. ಡೆಸ್ಫ್ಲುರೇನ್ ಅನ್ನುವ ಅರಿವಳಿಕೆ 22.8 ಡಿಗ್ರಿಗೇ ಕುದಿಯುತ್ತದೆ. ಮುಂಬಯಿಯ ಹಗಲಿನ ಸೆಕೆಗೆ ಅದು ಸೀಸೆಯಲ್ಲೇ ಕುದಿಯುವ ದ್ರವ, ಅದಕ್ಕೆ ಮಾಮೂಲಿ ವೇಪರೈಸರ್ ನಡೆಯುವುದಿಲ್ಲ, ಬಿಸಿಯನ್ನು ಹತೋಟಿಯಲ್ಲಿಡುವ ಬೇರೆಯದೇ ಬೇಕು.

ಈಗ ಫಲಿತಾಂಶಕ್ಕೆ ಬರೋಣ. ಮೊಲದ, ಇಲಿಯ ನಾಳಗಳ ಮೇಲೆ ಹ್ಯಾಲೋಥೇನ್ ಅಥವಾ ಐಸೋಫ್ಲುರೇನ್ ಅನ್ನುವ ಅರಿವಳಿಕೆಯ ಆವಿ ಬಿಟ್ಟಾಗ ಮೊದಲು ಕಾಣುವುದು ಸಡಿಲವಲ್ಲ, ಬಿಗಿತ! ಸ್ವಲ್ಪ ಹೊತ್ತಿನ ಬಿಗಿತ, ಆಮೇಲೆ ನಿಧಾನಕ್ಕೆ ಸಡಿಲ. ಯಾಕೆ ಹೀಗೆ? ಆವಿ ಒಳಗಿನ ಸಂಗ್ರಹದಿಂದ ಕ್ಯಾಲ್ಸಿಯಂ ಹೊರಬೀಳುವ ಹಾಗೆ ಮಾಡುತ್ತದೆ, ಅದಕ್ಕೆ ಮೊದಲು ಬಿಗಿ. ಆದರೆ ಸಂಗ್ರಹ ಖಾಲಿಯಾಗುತ್ತಾ ಬರುತ್ತದೆ. ಹೊತ್ತು ಕಳೆದ ಮೇಲೆ ಕೆಫೀನ್ ಹಾಕಿ ಆ ಸಂಗ್ರಹವನ್ನು ಬಿಚ್ಚಲು ನೋಡಿದರೆ ಬರುವ ಬಿಗಿತ ಕಮ್ಮಿ, ಯಾಕೆಂದರೆ ಒಳಗೆ ಉಳಿದಿರುವುದೇ ಕಮ್ಮಿ. ಹೊರಗಿನ ದ್ರಾವಣದಿಂದ ಕ್ಯಾಲ್ಸಿಯಂ ಪೂರ್ತಿ ತೆಗೆದು ಮಾಡಿದ ಪ್ರಯೋಗಗಳಲ್ಲೂ ಈ ಮೊದಲ ಬಿಗಿತ ಬರುತ್ತದೆ, ಅಲ್ಲಿಗೆ ಅದು ಒಳಗಿನ ಸಂಗ್ರಹದ್ದೇ ಅಂತ ಖಾತ್ರಿ ಆಗುತ್ತದೆ. ಇಷ್ಟು ಸರಳವಾದ ಒಂದು ಬದಲಾವಣೆಯಿಂದ ಇಷ್ಟು ಸ್ಪಷ್ಟವಾದ ಉತ್ತರ ಸಿಗುವುದನ್ನು ನೋಡಿದರೆ ಈಗಲೂ ನನಗೆ ಖುಷಿ ಆಗುತ್ತದೆ.

ಇನ್ನೊಂದು ಕಡೆ, ಅದೇ ಆವಿ ಗೋಡೆಯ ಕ್ಯಾಲ್ಸಿಯಂ ಚಾನೆಲ್‌ಗಳನ್ನು ತಗ್ಗಿಸುತ್ತದೆ. ನಾಯಿಯ ಹೃದಯದ ರಕ್ತನಾಳದಿಂದ ಬಿಡಿಸಿದ ಒಂಟಿ ಕೋಶಗಳಲ್ಲಿ ವಿದ್ಯುತ್ ಅಳೆದು ನೋಡಿದಾಗಲೂ ಹ್ಯಾಲೋಥೇನ್, ಐಸೋಫ್ಲುರೇನ್ ಎರಡೂ ಈ ಹರಿವನ್ನು ಕಡಿಮೆ ಮಾಡುವುದು ಕಂಡಿದೆ. ಮೂರನೆಯದಾಗಿ, ಕ್ಯಾಲ್ಸಿಯಂಗೆ ಸ್ಪಂದಿಸುವ ಶಕ್ತಿಯೇ ಇಳಿಯುತ್ತದೆ. ಇಲಿಯ ಮಹಾಪಧಮನಿಯಲ್ಲಿ ಸೆವೋಫ್ಲುರೇನ್ ಅನ್ನುವ ಇನ್ನೊಂದು ಆವಿ ಆಗಲೇ ಹೇಳಿದ ರೋ-ಕೈನೇಸ್ ದಾರಿಯನ್ನು ತಡೆಯುತ್ತದೆ. ಹಾಗಾಗಿ ಕೋಶದೊಳಗೆ ಕ್ಯಾಲ್ಸಿಯಂ ಇದ್ದರೂ ಸ್ನಾಯು ಮೊದಲಿನಷ್ಟು ಎಳೆಯುವುದಿಲ್ಲ.

ಇಲ್ಲಿಗೆ ಮುಗಿಯಲಿಲ್ಲ. ನಾಳದ ಒಳಮೈಗೆ ಒಂದೇ ಒಂದು ಕೋಶದಷ್ಟು ತೆಳ್ಳಗಿನ ಪದರ ಇದೆ, ಎಂಡೋಥೀಲಿಯಂ. ಬಹಳ ಕಾಲ ಇದನ್ನು ಸುಮ್ನೆ ಒಂದು ಹೊದಿಕೆ ಅಂದುಕೊಂಡಿದ್ದರು. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಮತ್ತು ಜಾನ್ ಜವಾಡ್ಸ್ಕಿ ಮೊಲದ ಮಹಾಪಧಮನಿಯ ಮೇಲೆ ಕೆಲಸ ಮಾಡಿ ತೋರಿಸಿದರು: ಈ ಪದರ ಉಜ್ಜಿ ಹೋಗಿದ್ದರೆ ಅಸಿಟೈಲ್ ಕೋಲಿನ್ ಅನ್ನುವ ರಾಸಾಯನಿಕ ನಾಳವನ್ನು ಸಡಿಲ ಮಾಡುವುದಿಲ್ಲ, ಪದರ ಇದ್ದರೆ ಮಾಡುತ್ತದೆ. ಅಂದರೆ ಪದರವೇ ಏನನ್ನೋ ಬಿಡುಗಡೆ ಮಾಡುತ್ತಿದೆ. ಆ ವಸ್ತು ನೈಟ್ರಿಕ್ ಆಕ್ಸೈಡ್ ಅಂತ ಆಮೇಲೆ ಗೊತ್ತಾಯಿತು, ಫರ್ಚ್‌ಗಾಟ್ ಅವರಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅದಕ್ಕಿಂತ ಹಿಂದೆ ಎಷ್ಟೋ ಪ್ರಯೋಗಾಲಯಗಳಲ್ಲಿ ಉಂಗುರ ಕತ್ತರಿಸುವಾಗ ಗೊತ್ತಿಲ್ಲದೆ ಈ ಪದರವನ್ನು ಒರೆಸಿ ಹಾಕಿದ್ದರು. ಹಾಗಾಗಿ ಹಳೆಯ ಲೇಖನ ಓದುವಾಗ ಫಾರ್ಮಸಿಯ ಮಕ್ಕಳೇ, ಪದರ ಇತ್ತೋ ಇಲ್ಲವೋ ಅಂತ ಮೊದಲು ಹುಡುಕಿ.

ಅರಿವಳಿಕೆಗೂ ಈ ಪದರಕ್ಕೂ ಏನು ಸಂಬಂಧ? ಹ್ಯಾಲೋಥೇನ್, ಸೆವೋಫ್ಲುರೇನ್ ಮುಂತಾದವು ಈ ನೈಟ್ರಿಕ್ ಆಕ್ಸೈಡ್ ದಾರಿಯನ್ನೂ ಮಂಕು ಮಾಡುತ್ತವೆ. ಅಂದರೆ ಸಡಿಲ ಮಾಡುವ ದಾರಿಯನ್ನೇ ತಡೆಯುತ್ತವೆ. ಇದರಿಂದ ಒಂದು ವಿಚಿತ್ರ ಫಲಿತಾಂಶ ಬರುತ್ತದೆ. ಇಲಿಯ ಕರುಳಿಗೆ ಹೋಗುವ ಸಣ್ಣ ಅಪಧಮನಿಯಲ್ಲಿ ಪದರ ಇದ್ದಾಗ ಸೆವೋಫ್ಲುರೇನ್ ನಾರ್ ಅಡ್ರಿನಲಿನ್‌ನ ಬಿಗಿತವನ್ನು ಹೆಚ್ಚಿಸಿತು. ಪದರ ತೆಗೆದಾಗ ಅದೇ ಸೆವೋಫ್ಲುರೇನ್ ಅದೇ ಬಿಗಿತವನ್ನು ಕಡಿಮೆ ಮಾಡಿತು! ಒಂದೇ ಪ್ರಾಣಿ, ಒಂದೇ ನಾಳ, ಒಂದೇ ಮದ್ದು. ಬದಲಾದದ್ದು ಒಂದು ತೆಳು ಪದರ ಮಾತ್ರ. ಸಕ್ಕರೆ ಕಾಯಿಲೆ, ವಯಸ್ಸು, ರಕ್ತದ ಏರೊತ್ತಡ ಇವೆಲ್ಲ ಈ ಪದರವನ್ನು ಹಾಳು ಮಾಡುತ್ತವೆ ಅನ್ನುವುದು ನೆನಪಿದ್ದರೆ, ಆರೋಗ್ಯವಾಗಿರುವ ಎಳೆಯ ಇಲಿಯಲ್ಲಿ ಕಂಡದ್ದನ್ನು ಹನ್ನೆರಡು ವರ್ಷದ ಲ್ಯಾಬ್ರಡಾರ್‌ಗೆ ಹಾಗೇ ಅನ್ವಯಿಸಬಾರದು ಅನ್ನುವುದೂ ಹೊಳೆಯುತ್ತದೆ, ಅಲ್ವಾ?

ಶ್ವಾಸಕೋಶದ ನಾಳಗಳ ರೀತಿಯೇ ಬೇರೆ. ಮೈಯ ಬೇರೆ ಕಡೆ ಆಮ್ಲಜನಕ ಕಮ್ಮಿಯಾದರೆ ನಾಳ ಹಿಗ್ಗುತ್ತದೆ, ಶ್ವಾಸಕೋಶದಲ್ಲಿ ಕುಗ್ಗುತ್ತದೆ. ಗಾಳಿ ಬಾರದ ಮೂಲೆಗೆ ರಕ್ತ ಕಳಿಸಿ ಏನು ಪ್ರಯೋಜನ, ಅದಕ್ಕೆ ದೇಹ ಆ ಮೂಲೆಯ ನಾಳವನ್ನು ಕಿರಿದು ಮಾಡಿ ಗಾಳಿಯಿರುವ ಕಡೆಗೆ ರಕ್ತವನ್ನು ತಿರುಗಿಸುತ್ತದೆ. ಇದನ್ನು ವಾನ್ ಆಯ್ಲರ್ ಮತ್ತು ಲಿಲ್ಜೆಸ್ಟ್ರಾಂಡ್ 1946ರಲ್ಲಿ ಬೆಕ್ಕುಗಳಲ್ಲಿ ತೋರಿಸಿದರು. ಆವಿಯ ಅರಿವಳಿಕೆಗಳು ಈ ಕುಗ್ಗುವಿಕೆಯನ್ನು ಪ್ರಮಾಣಕ್ಕೆ ತಕ್ಕಂತೆ ಮೊಂಡು ಮಾಡುತ್ತವೆ. ಎದೆ ತೆರೆದು ಒಂದೇ ಶ್ವಾಸಕೋಶದಲ್ಲಿ ಉಸಿರಾಡಿಸುವ ಆಪರೇಷನ್‌ಗಳಲ್ಲಿ ಇದು ಮುಖ್ಯ, ಆಮ್ಲಜನಕ ಇಳಿಯಬಹುದು.

ಇಷ್ಟು ಹೊತ್ತು ನಾನು ಹೇಳಿದ್ದು ಬಹುಪಾಲು ಸೀಸೆಯೊಳಗಿನ ಉಂಗುರದ ಕಥೆ. ಉಂಗುರಕ್ಕೆ ನರ ಇಲ್ಲ, ಹೃದಯ ಇಲ್ಲ, ಮೆದುಳು ಇಲ್ಲ. ಜೀವಂತ ಪ್ರಾಣಿಯಲ್ಲಿ ಬಿಪಿ ಇಳಿದ ಕೂಡಲೇ ಕುತ್ತಿಗೆಯ ನಾಳದಲ್ಲಿರುವ ಒತ್ತಡದ ಸಂವೇದಕಗಳು ಮೆದುಳಿಗೆ ತಿಳಿಸುತ್ತವೆ, ಹೃದಯ ಜೋರಾಗಿ ಬಡಿಯುತ್ತದೆ, ನಾಳ ಬಿಗಿಯಾಗುತ್ತದೆ. ಅರಿವಳಿಕೆ ಈ ತಿದ್ದುಪಡಿಯನ್ನೂ ಮಂದ ಮಾಡುತ್ತದೆ, ಹ್ಯಾಲೋಥೇನ್ ಐಸೋಫ್ಲುರೇನ್‌ಗಿಂತ ಜಾಸ್ತಿ. ಇಡೀ ಪ್ರಾಣಿಯಲ್ಲಿ ಇವೆರಡಕ್ಕೂ ಇರುವ ದೊಡ್ಡ ವ್ಯತ್ಯಾಸ ಬೇರೆ ಇದೆ. ಹ್ಯಾಲೋಥೇನ್ ಬಿಪಿ ಇಳಿಸುವುದು ಮುಖ್ಯವಾಗಿ ಹೃದಯದ ಬಡಿತದ ಬಲವನ್ನು ಕುಗ್ಗಿಸಿ, ನಾಳಗಳ ಒಟ್ಟು ಬಿಗಿತ ಅಷ್ಟೇನೂ ಬದಲಾಗುವುದಿಲ್ಲ. ಐಸೋಫ್ಲುರೇನ್ ಇಳಿಸುವುದು ಮುಖ್ಯವಾಗಿ ನಾಳಗಳನ್ನು ಹಿಗ್ಗಿಸಿ. ಅಂಕಿ ಒಂದೇ, ಕಾರಣ ಬೇರೆ, ಆದ್ದರಿಂದ ಪರಿಹಾರವೂ ಬೇರೆ.

ಅರಿವಳಿಕೆಯ ಅಪಾಯ ಎಲ್ಲಿಂದ ಬರುತ್ತದೆ ಅನ್ನುವ ಜಗಳ ಹಳೆಯದು. ಕ್ಲೋರೋಫಾರ್ಮ್ ಅರಿವಳಿಕೆಯಾಗಿ ಬಂದದ್ದು 1847ರಲ್ಲಿ, ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಅವರಿಂದ. 1848ರ ಜನವರಿಯಲ್ಲೇ ಇಂಗ್ಲೆಂಡಿನಲ್ಲಿ ಹನ್ನಾ ಗ್ರೀನರ್ ಅನ್ನುವ ಹದಿನೈದು ವರ್ಷದ ಹುಡುಗಿ ಕಾಲ್ಬೆರಳಿನ ಉಗುರು ತೆಗೆಯುವಾಗ ತೀರಿಹೋದಳು. ಉಸಿರು ನಿಂತು ಸತ್ತದ್ದೋ, ಹೃದಯ ನಿಂತು ಸತ್ತದ್ದೋ ಅಂತ ವಾದ ಶುರುವಾಯಿತು, ದಶಕಗಟ್ಟಲೆ ನಡೆಯಿತು. ಅದರ ಒಂದು ದೊಡ್ಡ ಅಧ್ಯಾಯ ನಮ್ಮ ಪಕ್ಕದಲ್ಲೇ, ಹೈದರಾಬಾದಿನಲ್ಲಿ. ಆಗ ನಮ್ಮ ಬೀದರ್, ಕಲಬುರಗಿ, ರಾಯಚೂರು ಎಲ್ಲ ನಿಜಾಮರ ಆಡಳಿತದಲ್ಲೇ ಇದ್ದವು. ಎಡ್ವರ್ಡ್ ಲಾರಿ ಅನ್ನುವ ಸರ್ಜನ್ ನಿಜಾಮರ ಹಣದಲ್ಲಿ 1888ರಲ್ಲಿ ಕ್ಲೋರೋಫಾರ್ಮ್ ಆಯೋಗ ನಡೆಸಿದರು. 1889ರ ಎರಡನೇ ಆಯೋಗಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಅನ್ನುವ ವೈದ್ಯರು ಬಂದರು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದರು. ಉಸಿರೇ ಮೊದಲು ನಿಲ್ಲುತ್ತದೆ, ಉಸಿರನ್ನು ನೋಡಿಕೊಂಡರೆ ಸಾಕು ಅನ್ನುವ ತೀರ್ಮಾನಕ್ಕೆ ಬಂದರು. ಆ ತೀರ್ಮಾನ ನಿಲ್ಲಲಿಲ್ಲ. 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳಲ್ಲಿ ತೋರಿಸಿದ್ದು ಏನೆಂದರೆ, ಕ್ಲೋರೋಫಾರ್ಮ್ ಹಗುರವಾಗಿ ಕೊಟ್ಟಿರುವಾಗ ಅಡ್ರಿನಲಿನ್ ಸೇರಿದರೆ ಹೃದಯದ ಬಡಿತ ಒಮ್ಮೆಲೇ ಅಸ್ತವ್ಯಸ್ತವಾಗಿ ನಿಂತುಬಿಡಬಹುದು. ಇಷ್ಟು ಪ್ರಾಣಿಗಳನ್ನು ಬಳಸಿ ತಪ್ಪು ತೀರ್ಮಾನಕ್ಕೆ ಬಂದದ್ದು ನನಗೆ ಬಹಳ ನೋವಿನ ವಿಷಯ. ಸಂಖ್ಯೆ ಜಾಸ್ತಿ ಆದ ಮಾತ್ರಕ್ಕೆ ಪ್ರಯೋಗ ಸರಿಯಾಗುವುದಿಲ್ಲ, ಸರಿಯಾದ ಪ್ರಶ್ನೆ ಕೇಳಿರಬೇಕು. ಈಗ ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕೆಳಗೆ ಪ್ರಯೋಗಗಳ ಮೇಲೆ ಕಣ್ಣಿಡುವ ಸಮಿತಿ ಇದೆ, ಎಷ್ಟು ಪ್ರಾಣಿ, ಯಾಕೆ ಅಂತ ಬರೆದು ಕೊಟ್ಟು ಒಪ್ಪಿಗೆ ಪಡೆಯಬೇಕು. ಅದು ಕಿರಿಕಿರಿ ಅನ್ನುವವರನ್ನು ನೋಡಿದ್ದೇನೆ. ನನಗೆ ಹಾಗೆ ಅನಿಸಿಲ್ಲ. ಒಂದೇ ಪ್ರಾಣಿಯ ಮಹಾಪಧಮನಿಯಿಂದ ಹಲವು ಉಂಗುರ ಸಿಗುತ್ತವೆ, ಒಂದನ್ನು ಹೋಲಿಕೆಗೆ ಇಟ್ಟು ಉಳಿದವುಗಳಲ್ಲಿ ಬೇರೆ ಬೇರೆ ಪ್ರಮಾಣ ನೋಡಬಹುದು. ಯೋಚಿಸಿ ಮಾಡಿದರೆ ಕಮ್ಮಿ ಪ್ರಾಣಿಯಲ್ಲೇ ಉತ್ತರ ಸಿಗುತ್ತದೆ.

ಪ್ರಾಣಿಗಳಿಂದ ಕಲಿತದ್ದು ಪ್ರಾಣಿಗಳಿಗೆ ವಾಪಸ್ ಹೋಗಬೇಕು, ಇದು ನನ್ನ ಗಟ್ಟಿ ಅಭಿಪ್ರಾಯ. ಬ್ರಿಟನ್ನಿನಲ್ಲಿ 2002ರಿಂದ 2004ರವರೆಗೆ ಸುಮಾರು ಒಂದು ಲಕ್ಷ ನಾಯಿಗಳನ್ನೂ ಸುಮಾರು 80 ಸಾವಿರ ಬೆಕ್ಕುಗಳನ್ನೂ ಸೇರಿಸಿ ನಡೆದ ಸಮೀಕ್ಷೆಯಲ್ಲಿ, ಅರಿವಳಿಕೆ ಅಥವಾ ಮಂಪರು ಮದ್ದಿಗೆ ಸಂಬಂಧಿಸಿದ ಸಾವು ನಾಯಿಗಳಲ್ಲಿ ಶೇ 0.17, ಬೆಕ್ಕುಗಳಲ್ಲಿ ಶೇ 0.24, ಮೊಲಗಳಲ್ಲಿ ಶೇ 1.39 ಇತ್ತು. ಕುದುರೆಗಳಲ್ಲಿ ಬೇರೆ ಅಧ್ಯಯನಗಳ ಪ್ರಕಾರ ನೂರಕ್ಕೆ ಒಂದರ ಆಸುಪಾಸು. ಕುದುರೆಯ ವಿಷಯದಲ್ಲಿ ರಕ್ತನಾಳದ ಪಾತ್ರ ಎದ್ದು ಕಾಣುತ್ತದೆ. ಮಹಾಲಕ್ಷ್ಮಿಯಲ್ಲಿ ಓಡುವ ಕುದುರೆಗಳನ್ನು ನೋಡಿದ್ದೀರಿ, ಒಂದೊಂದು 450, 500 ಕಿಲೋ. ಅಷ್ಟು ಭಾರ ಟೇಬಲ್ಲಿನ ಮೇಲೆ ಮಲಗಿದಾಗ ಕೆಳಗಿನ ಸ್ನಾಯುಗಳು ಒತ್ತಿಹೋಗುತ್ತವೆ. ಅದರ ಮೇಲೆ ಐಸೋಫ್ಲುರೇನ್ ನಾಳಗಳನ್ನು ಹಿಗ್ಗಿಸಿ ಸರಾಸರಿ ಬಿಪಿ (ಮೇಲಿನ ಮತ್ತು ಕೆಳಗಿನ ಒತ್ತಡದ ನಡುವಿನ ಅಂಕಿ) 60, 70ಕ್ಕಿಂತ ಕೆಳಗೆ ಹೋದರೆ ಆ ಸ್ನಾಯುಗಳಿಗೆ ರಕ್ತವೇ ತಲುಪುವುದಿಲ್ಲ. ಆಪರೇಷನ್ ಚೆನ್ನಾಗಿ ಆಗಿರುತ್ತದೆ, ಕುದುರೆಗೆ ಎಚ್ಚರವೂ ಆಗಿರುತ್ತದೆ, ಆದರೆ ಎದ್ದು ನಿಲ್ಲಲು ಆಗುವುದಿಲ್ಲ. ಅದಕ್ಕೇ ಕುದುರೆಗೆ ಮೆತ್ತನೆಯ ಹಾಸು, ಬಿಪಿ ಮೇಲೆ ನಿರಂತರ ಕಣ್ಣು, ಬೇಕಾದರೆ ಹೃದಯದ ಬಲ ಏರಿಸುವ ಡೊಬ್ಯುಟಮಿನ್ ಡ್ರಿಪ್.

ಬೇರೆ ಮದ್ದುಗಳೂ ಇದೇ ಸ್ನಾಯುವನ್ನು ಎಳೆಯುತ್ತವೆ ಅನ್ನುವುದನ್ನೂ ಹೇಳಬೇಕು. ನಮ್ಮಲ್ಲಿ ಪ್ರಾಣಿಗಳಿಗೆ ಜೈಲಜಿನ್ ಅನ್ನುವ ಮಂಪರು ಮದ್ದು ತುಂಬಾ ಬಳಸುತ್ತಾರೆ. ಅದು ಮೊದಲು ನಾಳಗಳನ್ನು ಬಿಗಿ ಮಾಡಿ ಬಿಪಿ ಏರಿಸುತ್ತದೆ, ಹೃದಯದ ಬಡಿತ ನಿಧಾನ ಮಾಡುತ್ತದೆ. ಅಸಿಪ್ರೊಮಜಿನ್ ಅನ್ನುವ ಇನ್ನೊಂದು ಮಂಪರು ಮದ್ದು ಇದಕ್ಕೆ ವಿರುದ್ಧ, ನಾಳಕ್ಕೆ ಬಿಗಿಯಾಗು ಅನ್ನುವ ಸಂದೇಶ ಹಿಡಿಯುವ ಗ್ರಾಹಕವನ್ನೇ (ರಿಸೆಪ್ಟರ್) ತಡೆಯುತ್ತದೆ, ಅದರ ಮೇಲೆ ಐಸೋಫ್ಲುರೇನ್ ಕೊಟ್ಟರೆ ಬಿಪಿ ಇನ್ನಷ್ಟು ಇಳಿಯುತ್ತದೆ. ಕೆಟಮಿನ್ ಅನ್ನುವ ಅರಿವಳಿಕೆ ಮದ್ದು ನರಗಳ ಮೂಲಕ ಬಿಪಿಯನ್ನು ಎತ್ತಿ ಹಿಡಿಯುತ್ತದೆ.

ಮಾತು ಮುಗಿದ ಮೇಲೆ ಮುಲುಂಡ್‌ನಿಂದ ಬಂದಿದ್ದ ಒಬ್ಬ ಅಮ್ಮ ಎದ್ದು, "ಡಾಕ್ಟ್ರೇ, ನಮ್ಮ ನಾಯಿ ಆಪರೇಷನ್ ಆದ ಮೇಲೆ ಗಡಗಡ ನಡುಗ್ತಾ ಇತ್ತು. ಮೇ ತಿಂಗಳ ಸೆಕೆ. ಜ್ವರ ಬಂತೇನೋ ಅಂತ ಹೆದರಿಬಿಟ್ವಿ. ಯಾಕೆ ಹಾಗೆ?" ಅಂತ ಕೇಳಿದರು. ಜ್ವರ ಅಲ್ಲಮ್ಮ, ಹೆಚ್ಚಾಗಿ ಅದು ಚಳಿ. ಎಚ್ಚರ ಇರುವಾಗ ಚರ್ಮದ, ಕೈಕಾಲಿನ ನಾಳಗಳು ಬಿಗಿಯಾಗಿದ್ದು ಬಿಸಿಯನ್ನು ಮೈಯ ನಡುವೆ ಹಿಡಿದಿಟ್ಟಿರುತ್ತವೆ. ಆವಿ ಆ ನಾಳಗಳನ್ನು ಹಿಗ್ಗಿಸಿದ ಕೂಡಲೇ ನಡುವಿನ ಬಿಸಿ ರಕ್ತ ತುದಿಗಳಿಗೆ ಹರಿಯುತ್ತದೆ, ಮೊದಲ ಒಂದು ಗಂಟೆಯಲ್ಲೇ ಮೈಯ ಬಿಸಿ ಇಳಿಯುತ್ತದೆ. ಹೊರಗೆ ಸೆಕೆ ಇದ್ದರೂ ಆಪರೇಷನ್ ಕೋಣೆಯಲ್ಲಿ ಏಸಿ ಇರುತ್ತದೆ, ಕೂದಲು ಬೋಳಿಸಿರುತ್ತಾರೆ, ಹೊಟ್ಟೆ ತೆರೆದಿರುತ್ತದೆ. ಬೆಕ್ಕು ಮತ್ತು ಚಿಕ್ಕ ನಾಯಿಗಳು ಬೇಗ ತಣ್ಣಗಾಗುತ್ತವೆ. ಶುರುವಿನಿಂದಲೇ ಬೆಚ್ಚಗಿಟ್ಟರೆ ಚೆನ್ನ, ಇಳಿದ ಮೇಲೆ ಏರಿಸುವುದು ಕಷ್ಟ.

ಫಾರ್ಮಸಿ ಓದುವ ಹುಡುಗನೊಬ್ಬ ಕೇಳಿದ: "ಸರ್, ಪ್ರಾಣಿಯಲ್ಲಿ ಕಂಡದ್ದು ಆಮೇಲೆ ಸುಳ್ಳಾಗಿದ್ದು ಉಂಟಾ?" ಸುಳ್ಳು ಅನ್ನುವುದಕ್ಕಿಂತ ಅರ್ಧ ನಿಜ ಆಗಿದ್ದು ಉಂಟು. 1980ರ ದಶಕದಲ್ಲಿ ಐಸೋಫ್ಲುರೇನ್ ಹೃದಯದ ಚೆನ್ನಾಗಿರುವ ನಾಳಗಳನ್ನು ಹಿಗ್ಗಿಸಿ, ಕಟ್ಟಿಕೊಂಡಿರುವ ಕಡೆಯ ರಕ್ತವನ್ನು ಕದಿಯುತ್ತದೆ ಅನ್ನುವ ಹೆದರಿಕೆ ಹುಟ್ಟಿತು. ಕೆಲವು ರೋಗಿಗಳಲ್ಲಿ ಹಾಗೆ ಕಂಡಿತ್ತು. ನಾಯಿಗಳಲ್ಲೂ ಒಂದು ನಾಳ ಪೂರ್ತಿ ಮುಚ್ಚಿ, ಪಕ್ಕದ್ದನ್ನು ಕಿರಿದು ಮಾಡಿದಾಗ ಕಂಡಿತು. ಆದರೆ ಬಿಪಿಯನ್ನು ಸರಿಯಾಗಿ ಕಾಯ್ದುಕೊಂಡು ನೋಡಿದ ಮುಂದಿನ ಅಧ್ಯಯನಗಳಲ್ಲಿ ಹೃದಯ ರೋಗಿಗಳಿಗೆ ಅದರಿಂದ ಹೆಚ್ಚಿನ ಅಪಾಯ ಕಾಣಲಿಲ್ಲ. ಹಿಗ್ಗುವುದಕ್ಕೆ ಒಂದು ಕಾರಣ ಸ್ನಾಯುವಿನ ಪೊಟ್ಯಾಸಿಯಂ ಚಾನೆಲ್‌ಗಳು ತೆರೆಯುವುದು ಅಂತಲೂ ಗೊತ್ತಾಯಿತು. ಗ್ಲೈಬೆನ್‌ಕ್ಲಮೈಡ್ ಕೊಟ್ಟರೆ ಆ ಹಿಗ್ಗುವಿಕೆ ತಗ್ಗುತ್ತದೆ, ಇಲ್ಲಿ ಎಷ್ಟೋ ಜನ ನುಂಗುವ ಸಕ್ಕರೆ ಕಾಯಿಲೆಯ ಮಾತ್ರೆ ಅದೇ. ಇನ್ನೂ ದೊಡ್ಡ ವಿಷಯ ಅಂದರೆ, ನಾಯಿಗಳ ಪ್ರಯೋಗದಲ್ಲಿ ಅದೇ ಚಾನೆಲ್‌ಗಳ ಮೂಲಕ ಐಸೋಫ್ಲುರೇನ್ ಹೃದಯದ ಸ್ನಾಯುವನ್ನು ರಕ್ತದ ಕೊರತೆಯ ಹಾನಿಯಿಂದ ಕಾಪಾಡಿತು. ಮೊದಲು ಕಳ್ಳ ಅನಿಸಿದ್ದು ಆಮೇಲೆ ಕಾವಲುಗಾರನಾಗಿಯೂ ಕಂಡಿತು.

ಕೊನೆಯ ಪ್ರಶ್ನೆ ಹಿರಿಯರೊಬ್ಬರದು: "ನಾವು ಡಾಕ್ಟರ ಹತ್ತಿರ ಏನು ಕೇಳಬೇಕು, ಅದನ್ನ ಹೇಳಿ ಸಾಕು." ಅಣ್ಣ, ಮೂರು ಮಾತು ಕೇಳಿ. ಆಪರೇಷನ್ ಪೂರ್ತಿ ಯಾರಾದರೂ ಒಬ್ಬರು ಅರಿವಳಿಕೆಯನ್ನಷ್ಟೇ ನೋಡಿಕೊಳ್ಳುತ್ತಾರಾ? ಬಿಪಿ ಅಳೆಯುತ್ತೀರಾ? ನೋವಿಗೆ ಬೇರೆ ಮದ್ದು ಕೊಡುತ್ತೀರಾ? ಮೂರನೆಯದು ಯಾಕೆ ಅಂದರೆ, ನೋವಿನ ಮದ್ದು ಚೆನ್ನಾಗಿ ಕೊಟ್ಟರೆ ಆವಿ ಕಮ್ಮಿ ಸಾಕಾಗುತ್ತದೆ. ನಾಯಿಗೆ ಐಸೋಫ್ಲುರೇನ್ ಒಂದೇ ಕೊಟ್ಟರೆ ಸುಮಾರು ಶೇ 1.3 ಆವಿಗೆ ಅರ್ಧದಷ್ಟು ನಾಯಿಗಳು ಮಾತ್ರ ಕತ್ತಿ ತಾಗಿದಾಗ ಅಲುಗದೆ ಇರುತ್ತವೆ. ಎಲ್ಲವೂ ಅಲುಗದಿರಲು ಇನ್ನೂ ಜಾಸ್ತಿ ಬೇಕು, ಜಾಸ್ತಿ ಆದಷ್ಟೂ ನಾಳ ಸಡಿಲ. ಸರಾಸರಿ ಬಿಪಿ 60ಕ್ಕಿಂತ ಕೆಳಗೆ ಇಳಿದರೆ ಮೊದಲು ಮಾಡಬೇಕಾದದ್ದು ವೇಪರೈಸರ್ ತಗ್ಗಿಸುವುದು, ಆಮೇಲೆ ದ್ರವ, ಆಮೇಲೂ ಏರದಿದ್ದರೆ ಡೋಪಮಿನ್, ನಾರ್ ಅಡ್ರಿನಲಿನ್ ಮುಂತಾದ ಮದ್ದು. ಎಷ್ಟೋ ಕಡೆ ನಾಡಿ ಹಿಡಿದು ನೋಡಿ ಸರಿ ಇದೆ ಅಂದುಬಿಡುತ್ತಾರೆ. ನಾಡಿ ಬೆರಳಿಗೆ ಸಿಗುವುದು ಮೇಲಿನ ಮತ್ತು ಕೆಳಗಿನ ಒತ್ತಡದ ಅಂತರದಿಂದ. ನಾಳ ಹಿಗ್ಗಿ ಸರಾಸರಿ ಕುಸಿದಿರುವಾಗಲೂ ನಾಡಿ ಜೋರಾಗಿ ಸಿಗಬಹುದು. ಅದಕ್ಕೆ ಕಾಲಿಗೆ ಕಫ್, ಅಂದರೆ ಬಿಪಿ ನೋಡುವ ಗಾಳಿಪಟ್ಟಿ, ಕಟ್ಟಿಯೇ ನೋಡಬೇಕು. ಆ ಕಫ್‌ನ ಅಗಲ ಕಾಲಿನ ಸುತ್ತಳತೆಯ ಶೇ 40ರಷ್ಟು ಇರಬೇಕು. ಕಿರಿದಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಅಗಲವಾದರೆ ಕಮ್ಮಿ.